ಹೊಗೆ ಬಿಟ್ಟದ್ದು ಜೀವಾಣುವಿಗೆ, ಸತ್ತದ್ದು ನನ್ನ ಹುಳು

ಮಾನ್ಯ ಸಂಪಾದಕರೇ,

ನಮ್ಮೂರಿನ ಹುಡುಗ ಮಹಡಿ ಕೋಣೆಯಲ್ಲಿ ಬ್ಯಾಕ್ಟೀರಿಯಾಕ್ಕೆ ಹೊಸ ಜೀನು ಸೇರಿಸುತ್ತಿದ್ದ ‘ಜೀನು ಪ್ರಯೋಗ’ದ ಬಗ್ಗೆ ಶುಕ್ರವಾರದ ಸಂಚಿಕೆಯಲ್ಲಿ ಬರೆದಿದ್ದೀರಿ. ಕೊನೆಯ ಸಾಲು: ‘ಯಾವುದೇ ಹಾನಿ ಸಂಭವಿಸಿಲ್ಲ’. ನಿಮ್ಮ ವರದಿಗಾರರು ಆ ಮನೆಯ ಮುಂದೆ ನಿಂತು ಫೋಟೊ ತೆಗೆದುಕೊಂಡು ಹೋದರು. ಎಡಕ್ಕೆ ಹತ್ತು ಹೆಜ್ಜೆ ಹಾಕಿದ್ದರೆ ನನ್ನ ರೇಷ್ಮೆ ಹುಳು ಮನೆ ಸಿಗುತ್ತಿತ್ತು. 150 ಮೊಟ್ಟೆ ಹುಳು (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳನ್ನೆಲ್ಲ ಸೇರಿಸಿ ನಾವು ಒಂದು ಮೊಟ್ಟೆ ಎನ್ನುತ್ತೇವೆ), ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದು ಐದು ದಿನವಾಗಿತ್ತು. ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡು ಕಟ್ಟುವ ಚಂದ್ರಿಕೆಗೆ ಹೋಗಬೇಕಿದ್ದವು, ತಿಪ್ಪೆಗೆ ಹೋದವು.

ಗುರುವಾರ ಬೆಳಿಗ್ಗೆ ಮೂರು ಜೀಪಿನಲ್ಲಿ ಅಧಿಕಾರಿಗಳು ಬಂದು ಬೀದಿಗೆ ಹಗ್ಗ ಕಟ್ಟಿದರು. ತೋಟದಿಂದ ಹಿಪ್ಪುನೇರಳೆ ಸೊಪ್ಪು ತರುತ್ತಿದ್ದ ನನ್ನ ಹೆಂಡತಿಯನ್ನು ಹೊರೆ ಸಮೇತ ಮಧ್ಯಾಹ್ನದವರೆಗೆ ಬೀದಿ ತುದಿಯಲ್ಲೇ ನಿಲ್ಲಿಸಿದರು. ಒಂದು ಬೆಳೆಯಲ್ಲಿ ಹುಳು ತಿನ್ನುವ ಸೊಪ್ಪಿನ ಐದರಲ್ಲಿ ನಾಲ್ಕು ಪಾಲು ಈ ಕೊನೆಯ ವಾರದಲ್ಲೇ ಖರ್ಚಾಗುತ್ತದೆ ಎಂದು ಹೇಳಲು ಹೋದರೆ, ‘ಸುಮ್ಮನಿರಮ್ಮ, ಇದು ವೈರಸ್ ವಿಷಯ’ ಎಂದರಂತೆ. ವೈರಸ್ ಅಲ್ಲ, ಬ್ಯಾಕ್ಟೀರಿಯಾ. ಅಷ್ಟೂ ತಿಳಿದುಕೊಳ್ಳದೆ ಬಂದಿದ್ದರು.

ಸಂಜೆ ಸೊಳ್ಳೆಗೆ ಹೊಡೆಯುವ ಹೊಗೆ ಯಂತ್ರ ಬಂತು. ಕೀಟನಾಶಕದ ಹೊಗೆಗೆ ಬ್ಯಾಕ್ಟೀರಿಯಾ ಸಾಯುವುದಿಲ್ಲ. ರೇಷ್ಮೆ ಹುಳು ಸಾಯುತ್ತದೆ. ‘ಒಳಗೆ ಹುಳು ಇವೆ ಸ್ವಾಮಿ’ ಎಂದು ಕೈ ಮುಗಿದೆ. ‘ನಿಮ್ಮ ಒಳ್ಳೆಯದಕ್ಕೇ ಹೊಡೆಯುತ್ತಿದ್ದೇವೆ’ ಎಂದು ಕಿಟಕಿಯ ಪರದೆಗೇ ಹಿಡಿದರು. ರಾತ್ರಿ ಒಂಬತ್ತಕ್ಕೆ ದೀಪ ಹಾಕಿದಾಗ ಸೊಪ್ಪು ತಿನ್ನುವ ಸದ್ದೇ ಇರಲಿಲ್ಲ. ಹುಳುಗಳು ತಲೆ ಎತ್ತಿ ಅತ್ತ ಇತ್ತ ತೂಗುತ್ತಿದ್ದವು, ಬಾಯಿಂದ ಹಸಿರು ನೀರು. ಬೆಳಗಾಗುವಷ್ಟರಲ್ಲಿ ಅರ್ಧ ಉದ್ದಕ್ಕೆ ಕುಗ್ಗಿದ್ದವು. ಚಾಕಿ (ಮರಿ ಹುಳು), ಸೊಪ್ಪು, ಕೂಲಿ ಎಲ್ಲದರ ಸಾಲ ಮಾತ್ರ ಕುಗ್ಗಿಲ್ಲ.

ಹಾಗೆಂದು ಆ ಹುಡುಗನದು ತಪ್ಪಿಲ್ಲ ಎಂದು ನಾನು ಹೇಳುವುದಿಲ್ಲ. ಥರ್ಮೊಕೋಲ್ ಪೆಟ್ಟಿಗೆಯಲ್ಲಿ ಬಲ್ಬು ಉರಿಸಿ ಬ್ಯಾಕ್ಟೀರಿಯಾ ಸಾಕುತ್ತಿದ್ದನಂತೆ. ಸಮುದ್ರದ ಲೋಳೆಮೀನಿನ ಜೀನು ಸೇರಿಸಿದರೆ ಅವು ಹಸಿರಾಗಿ ಹೊಳೆಯುತ್ತವಂತೆ. ಹೊಳೆದರೆ ಯಾರಿಗೆ ಏನು ಲಾಭ ಎಂದು ಅವನ ತಾಯಿಯನ್ನು ಕೇಳಿದೆ. ‘ಓದುವ ಹುಡುಗ ಅಣ್ಣಾ’ ಎಂದರು. ಬಿ.ಎಸ್‌ಸಿ. ಓದುವ ನನ್ನ ತಂಗಿಯ ಮಗಳು ವಿವರಿಸಿದ್ದು ಬೇರೆ. ಪ್ರಯೋಗದ ಆ ತಳಿ ದುರ್ಬಲ, ಮನುಷ್ಯರ ಹೊಟ್ಟೆಯಲ್ಲಿ ಬಾಳುವುದಿಲ್ಲ. ಆದರೆ ಯಾವ ಬ್ಯಾಕ್ಟೀರಿಯಾ ಹೊಸ ಜೀನು ತೆಗೆದುಕೊಂಡಿದೆ ಎಂದು ಗುರುತಿಸಲು ಜೊತೆಗೆ ಬ್ಯಾಕ್ಟೀರಿಯಾ ಕೊಲ್ಲುವ ಆಂಪಿಸಿಲಿನ್‌ನಂಥ ಔಷಧಿಗೆ ಬಗ್ಗದಂತೆ ಮಾಡುವ ಜೀನನ್ನೂ ಸೇರಿಸುತ್ತಾರೆ. ಸರಿಯಾಗಿ ಕೊಲ್ಲದೆ ಚರಂಡಿಗೆ ಚೆಲ್ಲಿದರೆ ಆ ಗುಣ ಅಲ್ಲಿನ ಬೇರೆ ಬ್ಯಾಕ್ಟೀರಿಯಾಗಳಿಗೂ ದಾಟಬಹುದು. ಈ ಮಹಾಶಯ ಕೊಲ್ಲುತ್ತಿದ್ದದ್ದು ಕುಕ್ಕರಿನಲ್ಲಿ, ಮೂರು ಸೀಟಿಗೆ, ಅನ್ನದ ಹಾಗೆ! ಪ್ರಯೋಗಾಲಯದಲ್ಲಿ 121 ಡಿಗ್ರಿಯ ಹಬೆಯಲ್ಲಿ ಕಾಲು ಗಂಟೆಗೆ ಕಡಿಮೆ ಇಡುವುದಿಲ್ಲವಂತೆ. ಆಮೇಲೆ ಚೆಲ್ಲುತ್ತಿದ್ದದ್ದು ನನ್ನ ಹುಳು ಮನೆಯ ಗೋಡೆಗೆ ತಾಗಿಕೊಂಡ ಚರಂಡಿಗೆ.

ಹುಳುಗಳಿಗೆ ಬರುವ ಗಂಟು ರೋಗ, ಹಾಲುತೊಂಡೆ, ಸಪ್ಪೆ ರೋಗಕ್ಕೆ ಹೆದರಿ ಸ್ವಂತ ಅಳಿಯನನ್ನೂ ಚಪ್ಪಲಿ ಬಿಡಿಸಿ, ಸುಣ್ಣ ತುಳಿಸಿ ಒಳಗೆ ಬಿಡುವವರು ನಾವು. ಕಾಯಿಕೊರಕ ಹುಳುವನ್ನು ಕೊಲ್ಲಲೆಂದು ಹತ್ತಿಗೆ ಸೇರಿಸಿದ ಬಿ.ಟಿ. ಜೀನಿನ ಮೂಲ ಒಂದು ಬ್ಯಾಕ್ಟೀರಿಯಾ, ಗೊತ್ತೇ? ಆ ಬ್ಯಾಕ್ಟೀರಿಯಾ ಮೊದಲು ಸಿಕ್ಕಿದ್ದೇ 1901ರಲ್ಲಿ ಜಪಾನಿನಲ್ಲಿ, ಕಾಯಿಲೆ ಬಿದ್ದು ಸತ್ತ ರೇಷ್ಮೆ ಹುಳುವಿನೊಳಗೆ. ಇವತ್ತು ಹೊಳೆಯುವ ಜೀನು ತಂದವನು ನಾಳೆ ಅದನ್ನು ತರಿಸಿದರೆ ಶಿಡ್ಲಘಟ್ಟದ ಗತಿ ಏನು? ಅಮೆರಿಕದಲ್ಲಿ 2017ರಲ್ಲಿ ಒಬ್ಬ ಜನರೆದುರೇ ತನ್ನ ತೋಳಿಗೆ ಇಂಥದ್ದೇನನ್ನೋ ಚುಚ್ಚಿಕೊಂಡನಂತೆ. 2019ರಲ್ಲಿ ಕ್ಯಾಲಿಫೋರ್ನಿಯಾದವರು ‘ಮೈಗೆ ಚುಚ್ಚಿಕೊಳ್ಳಬೇಡಿ’ ಎಂಬ ಎಚ್ಚರಿಕೆ ಇಲ್ಲದೆ ಜೀನು ಬದಲಿಸುವ ಸಾಮಗ್ರಿಯ ಪೆಟ್ಟಿಗೆ ಮಾರಬಾರದೆಂದು ಕಾನೂನು ಮಾಡಿದರು. ಚರಂಡಿಗೆ ಚೆಲ್ಲಬೇಡಿ ಎಂದು ನಮ್ಮ ಹುಡುಗನಿಗೆ ಯಾರು ಚೀಟಿ ಅಂಟಿಸಬೇಕು?

ನಮ್ಮಲ್ಲೂ ನಿಯಮ ಇಲ್ಲದಿಲ್ಲ. 1989ರಿಂದಲೇ ಇದೆ. ಅದರ ಪ್ರಕಾರ ಇಂಥದ್ದನ್ನು ನೋಡಿಕೊಳ್ಳಲು ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲಾ ಮಟ್ಟದ ಸಮಿತಿ ಇರಬೇಕು. ಜೀಪಿನಲ್ಲಿ ಬಂದವರಲ್ಲಿ ಒಬ್ಬರಾದರೂ ಆ ಸಮಿತಿಯ ಹೆಸರು ಕೇಳಿರಲಿಲ್ಲ. ದೇಶವೆಲ್ಲ ಸಭೆ ನಡೆಸಿ 2010ರಲ್ಲಿ ಒಂದು ಬಿ.ಟಿ. ಬದನೆಕಾಯಿಯನ್ನು ತಡೆದವರಿಗೆ ಈ ಹುಡುಗನಿಗೆ ಕೊರಿಯರ್‌ನಲ್ಲಿ ಬಂದ ಜೀನಿನ ಪೆಟ್ಟಿಗೆ ಕಾಣಲಿಲ್ಲ.

ಇದೇ ಹೊಗೆ ಯಂತ್ರ ಹೋದ ಮಳೆಗಾಲದಲ್ಲಿ ಎಲ್ಲಿತ್ತು? ಬೀದಿಯಲ್ಲಿ ನಾಲ್ಕು ಮಕ್ಕಳು ಡೆಂಗಿಯಿಂದ ಮಲಗಿದ್ದಾಗ ಡೀಸೆಲ್ ಇಲ್ಲ ಎಂದಿದ್ದರು. ಯಾವ ಕಚೇರಿ ಎಂದು ಬರೆಯುವುದಿಲ್ಲ. ಬರೆದರೆ ವಾರಕ್ಕೊಮ್ಮೆ ಬರುವ ನೀರೂ ನಿಲ್ಲುತ್ತದೆ. ಆ ಚರಂಡಿಯ ಹೂಳು ತೆಗೆಸಿ ಎಂದು ಮೂರು ಅರ್ಜಿ ಕೊಟ್ಟಿದ್ದೇನೆ. ಬೀದಿ ದೀಪದ ಅರ್ಜಿ ಬೇರೆ. ಬೆಂಗಳೂರಿನ ಕೊಳಚೆಯನ್ನು ಎರಡೇ ಹಂತ ಶುದ್ಧಿ ಮಾಡಿ ನಮ್ಮ ಕೆರೆಗಳಿಗೆ ತುಂಬಿಸುವಾಗ, ಮೂರನೇ ಹಂತವೂ ಬೇಕು ಎಂದು ಕೂಗಿದವರ ಮಾತಿಗೆ ಯಾರೂ ಜೀಪು ಹತ್ತಲಿಲ್ಲ. ಒಂದು ಚಮಚ ಬ್ಯಾಕ್ಟೀರಿಯಾಕ್ಕೆ ಮೂರು ಜೀಪು!

ಪರಿಹಾರ ಕೇಳಿದರೆ, ರೋಗದಿಂದ ಸತ್ತಿದ್ದರೆ ಒಂದು ಕಚೇರಿ, ವಿಷದಿಂದ ಸತ್ತಿದ್ದರೆ ಇನ್ನೊಂದು ಎನ್ನುತ್ತಾರೆ. ಹೊಗೆ ಬಿಟ್ಟದ್ದಕ್ಕೆ ದಾಖಲೆಯೇ ಇಲ್ಲವಂತೆ. ಆ ಹುಡುಗನ ಮೇಲೆ ಕ್ರಮ ಆಗಬೇಕು, ಹೊಗೆ ಬಿಟ್ಟವರ ಮೇಲೂ ಆಗಬೇಕು. ಎರಡೂ ಆಗದಿದ್ದರೆ ಸಂಬಂಧಪಟ್ಟವರು, ಅವರು ಯಾರೇ ಆಗಿರಲಿ, ಒಮ್ಮೆ ಬಂದು ನನ್ನ ಖಾಲಿ ಸ್ಟ್ಯಾಂಡುಗಳನ್ನು ನೋಡಿ ಹೋಗಲಿ. ಬರುವಾಗ ಚಪ್ಪಲಿ ಹೊರಗೆ ಬಿಡಲಿ, ಆ ಯಂತ್ರವನ್ನೂ.

– ನೊಂದ ರೇಷ್ಮೆ ಬೆಳೆಗಾರ, ಶಿಡ್ಲಘಟ್ಟ ತಾಲ್ಲೂಕು