ಲೋಡಿಗಾಗಿ ಕಾಯುವ ದಿನ ರಜೆಯಲ್ಲ

ಮಾನ್ಯರೇ,

ಬೆಂಗಳೂರು–ಮುಂಬೈ ಹೆದ್ದಾರಿಯಲ್ಲಿ ಹದಿನೆಂಟು ವರ್ಷಗಳಿಂದ ಲಾರಿ ಓಡಿಸುತ್ತಿರುವ ನಾನು, ಮನೆಯಿಂದ ದೂರವಿರುವ ಚಾಲಕರ ಬಿಡುವಿನ ಬಗ್ಗೆ ಬರೆಯುತ್ತಿದ್ದೇನೆ. ಮುಂಬೈ ಬಳಿಯ ಕಳಂಬೋಲಿಯಲ್ಲಿ ಸರಕು ಇಳಿಸಿದ ಮೇಲೆ ವಾಪಸು ಲೋಡು ಸಿಗಲು ಎರಡು ಮೂರು ದಿನ ಕಾಯಬೇಕಾಗುತ್ತದೆ. ಮಾಲೀಕರ ಲೆಕ್ಕದಲ್ಲಿ ಅದೇ ನಮ್ಮ ರಜೆ. ಆದರೆ ಡೀಸೆಲ್, ಬ್ಯಾಟರಿ, ಟಾರ್ಪಾಲು ಕಳವಾದರೆ ನಮ್ಮ ತಲೆಗೇ ಬರುವುದರಿಂದ ಗಾಡಿ ಬಿಟ್ಟು ಕದಲುವಂತಿಲ್ಲ. ಕಳೆದ ಬೇಸಿಗೆಯ ಒಂದು ರಾತ್ರಿ ಕ್ಯಾಬಿನ್ನಿನ ಕಾವು ತಾಳಲಾರದೆ ಲಾರಿಯ ಅಡಿಯಲ್ಲೇ ಟಾರ್ಪಾಲು ಹಾಸಿ ಮಲಗಿದ್ದಾಗ ಮಗಳು ಫೋನು ಮಾಡಿ, ‘ಎಲ್ಲಿ ಮಲಗಿದ್ದೀಯಪ್ಪಾ?’ ಎಂದು ಕೇಳಿದಳು. ರೂಮಿನಲ್ಲಿ ಎಂದು ಸುಳ್ಳು ಹೇಳಿದೆ.

ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ, ವಾರಕ್ಕೊಂದು ರಜೆ ಎಂದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಹೇಳಿತ್ತು. ಒಂದೆರಡು ಗಾಡಿ ಇಟ್ಟುಕೊಂಡವರ ಬಳಿ ದುಡಿಯುವ ನಮ್ಮಂಥವರನ್ನು ಅದು ತಲುಪಲೇ ಇಲ್ಲ. 2025ರಲ್ಲಿ ಹೊಸ ಲಾರಿಗಳ ಕ್ಯಾಬಿನ್ನಿಗೆ ಎ.ಸಿ. ಕಡ್ಡಾಯವಾಗಿರುವುದು ಸಂತೋಷದ ಸಂಗತಿಯಾದರೂ, ಎಂಜಿನ್ ನಿಲ್ಲಿಸಿ ಮಲಗುವ ರಾತ್ರಿಗೆ ಅದರಿಂದ ಪ್ರಯೋಜನ ಕಡಿಮೆ; ಹಳೆಯ ಗಾಡಿಗಳಿಗಂತೂ ಅದೂ ಇಲ್ಲ.

ತುಮಕೂರಿನಿಂದ ಬೆಳಗಾವಿಯವರೆಗೆ ಹೆದ್ದಾರಿಯುದ್ದಕ್ಕೂ ರಾತ್ರಿ ಕಾವಲಿರುವ ಲಾರಿ ನಿಲುಗಡೆ, ಸ್ನಾನಕ್ಕೆ ನೀರು, ಶುಚಿಯಾದ ಶೌಚಾಲಯ, ಕಡಿಮೆ ಬಾಡಿಗೆಗೆ ಒಂದು ಮಂಚ ಸಿಗುವಂತೆ ಹೆದ್ದಾರಿ ಪ್ರಾಧಿಕಾರ ಮತ್ತು ರಾಜ್ಯ ಸರ್ಕಾರ ನೋಡಿಕೊಳ್ಳಬೇಕು. ಲೋಡಿಗಾಗಿ ಕಾಯುವ ದಿನಗಳಿಗೂ ಮಾಲೀಕರು ಭತ್ಯೆ ಕೊಡಬೇಕೆಂದು ಕಾರ್ಮಿಕ ಇಲಾಖೆ ಆದೇಶಿಸಲಿ.

– ಒಬ್ಬ ಲಾರಿ ಚಾಲಕ, ಹಾವೇರಿ