ಹಸ್ದೇವ್ ದಂಡೆಯ ಕಡಲಚಿಪ್ಪುಗಳು

ಪ್ರೀತಿಯ ಮಗಳಿಗೆ ಆಶೀರ್ವಾದಗಳು.

ಕಾಲೇಜಿನವರ ಜೊತೆ ಛತ್ತೀಸಗಢದ ಮನೇಂದ್ರಗಢಕ್ಕೆ ಪಳೆಯುಳಿಕೆ ನೋಡಲು ಹೊರಟಿದ್ದೀಯೆಂದು ನಿನ್ನ ಅಪ್ಪ ಹೇಳಿದ. ಕೇಳಿ ಹಿಗ್ಗಿದೆ. ನಮ್ಮ ಲಾಲ್‌ಬಾಗಿನ ಬಂಡೆಯೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೇ ಹೌದು. ಆದರೆ ಅದು ಸುಮಾರು 300 ಕೋಟಿ ವರ್ಷಗಳ ಹಿಂದೆ ಭೂಮಿಯ ಒಡಲಲ್ಲಿ ಬೆಂದ ಕಲ್ಲು. ಎಷ್ಟು ಹುಡುಕಿದರೂ ಅದರಲ್ಲಿ ಚಿಪ್ಪು ಸಿಗುವುದಿಲ್ಲ.

ಹಸ್ದೇವ್ ನದಿಯ ದಂಡೆಯಲ್ಲಿ ನೀನು ನೋಡಲಿರುವುದು ಸುಮಾರು 28 ಕೋಟಿ ವರ್ಷಗಳ ಹಿಂದಿನ ಕಡಲ ತಳವನ್ನು. ಇಂದು ಅಲ್ಲಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ನೂರಾರು ಕಿಲೋಮೀಟರ್ ದೂರ. 1954ರಲ್ಲಿ ಭೂವಿಜ್ಞಾನಿ ಎಸ್. ಕೆ. ಘೋಷ್ ಅಲ್ಲಿ ಕಡಲಜೀವಿಗಳ ಪಳೆಯುಳಿಕೆಗಳನ್ನು ಗುರುತಿಸಿದರು. 1982ರಲ್ಲಿ ಆ ಜಾಗ ಸ್ಮಾರಕವಾಯಿತು.

ಯೂರಿಡೆಸ್ಮಾ ಎಂಬ ಚಿಪ್ಪನ್ನು ಹತ್ತಿರದಿಂದ ನೋಡು. ಎರಡು ಚಿಪ್ಪುಗಳು ಕೂಡುವ ಕಡೆ ಅದು ದಪ್ಪಗೆ ಉಬ್ಬಿರುತ್ತದೆ. ಪಕ್ಕದಲ್ಲೇ ಬೀಸಣಿಗೆಯಂತೆ ಗೀರು ಬಿಡಿಸಿಕೊಂಡ ಇನ್ನೊಂದು ಜಾತಿಯೂ ಕಾಣಬಹುದು. ಯೂರಿಡೆಸ್ಮಾ ತಣ್ಣೀರಿನ ಜೀವಿ. ಆಸ್ಟ್ರೇಲಿಯಾ, ದಕ್ಷಿಣ ಆಫ್ರಿಕಾ, ಅರ್ಜೆಂಟೀನಾಗಳಲ್ಲೂ ಅದರ ಪಳೆಯುಳಿಕೆ ಸಿಕ್ಕಿದೆ. ಈ ನೆಲಗಳೆಲ್ಲ ಗೊಂಡ್ವಾನಾ ಎಂಬ ಒಂದೇ ಭೂಖಂಡವಾಗಿದ್ದವು ಎನ್ನುವುದಕ್ಕೆ ಅದೂ ಒಂದು ಸಾಕ್ಷಿ.

ಈಗ ನನ್ನ ಮಾತು. ಅಲ್ಲಿಂದ ಒಂದು ಚೂರನ್ನೂ ಎತ್ತಿಕೊಳ್ಳಬೇಡ. ಉದುರಿ ಬಿದ್ದದ್ದನ್ನೂ ಸಹ. ಆ ಪ್ರದೇಶದ ತಾಲ್ಚೀರ್ ಎಂಬ ಹಳೆಯ ಶಿಲಾಸ್ತರಗಳಲ್ಲಿ ಹಿಮನದಿ ಹೊತ್ತು ತಂದ ಗುಂಡುಕಲ್ಲುಗಳಿವೆ, ಕಡಲು ಬಿಟ್ಟುಹೋದ ಪದರಗಳೂ ಇವೆ. ಹಿಮ ಕರಗಿತು, ನೀರು ಏರಿತು, ಕಡಲು ಒಳನಾಡಿಗೆ ನುಗ್ಗಿತು ಎಂಬುದನ್ನು ಆ ಪದರಗಳ ಕ್ರಮದಿಂದಲೇ ಓದಬೇಕು. ಯಾವ ಪದರದಲ್ಲಿ, ಯಾವ ಮಗ್ಗುಲಾಗಿ, ಯಾವುದರ ಜೊತೆ ಬಿದ್ದಿತ್ತು ಎಂಬುದು ತಪ್ಪಿಹೋದರೆ ಕೈಯಲ್ಲಿ ಉಳಿಯುವುದು ಷೋಕೇಸಿನ ಅಲಂಕಾರ ಮಾತ್ರ. ಬಂಡೆ ಮತ್ತೊಂದು ಚಿಪ್ಪನ್ನು ಬೆಳೆಸಿ ಕೊಡುವುದಿಲ್ಲ. ಒಬ್ಬೊಬ್ಬರು ಒಂದೊಂದು ಕಿತ್ತರೆ ನಿನ್ನ ಮಕ್ಕಳ ಕಾಲಕ್ಕೆ ಅಲ್ಲಿ ಏನಿರುತ್ತದೆ ಎಂದು ನೆನೆದರೇ ನನಗೆ ಸಂಕಟವಾಗುತ್ತದೆ.

ಸುತ್ತಿಗೆ ಚೀಲದಲ್ಲೇ ಇರಲಿ. ಅಳತೆ ತಿಳಿಯಲು ಪಕ್ಕದಲ್ಲೊಂದು ನಾಣ್ಯವಿಟ್ಟು ಫೋಟೋ ತೆಗೆ. ಪದರಗಳ ಚಿತ್ರವನ್ನು ನೋಟ್‌ಬುಕ್ಕಿನಲ್ಲಿ ಕೈಯಿಂದಲೇ ಬರೆ. ಬರೆಯುವಾಗ ಕಣ್ಣು ಇನ್ನಷ್ಟು ಚುರುಕಾಗುತ್ತದೆ. ಜೊತೆಯವರು ಯಾರಾದರೂ ಚೂರು ಜೇಬಿಗಿಳಿಸಿದರೆ ಸಂಕೋಚ ಬಿಟ್ಟು ಅಲ್ಲೇ ಹೇಳು, ಇದ್ದ ಜಾಗದಲ್ಲೇ ಇಡಿಸು. ಮಳೆ ಸುರಿದಿದ್ದರೆ ನದಿಯ ಪಾತ್ರಕ್ಕೆ ಇಳಿಯಬೇಡ. ಊರಿಗೆ ಬಂದಾಗ ಆ ನೋಟ್‌ಬುಕ್ಕನ್ನು ತಪ್ಪದೆ ತೆಗೆದುಕೊಂಡು ಬಾ, ನಾನೂ ನೋಡಬೇಕು.

ಇಂತಿ,
ನಿನ್ನ ದೊಡ್ಡಪ್ಪ