ಮರಳು ದ್ವೀಪದ ಹೆಸರಿನಲ್ಲಿ ಜೆಟ್ಟಿ ತೋರಿಸಿದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ವಿಭಾಗ, ಕಾಸರಗೋಡು ಶಾಖೆ

ವಿಷಯ: ಆಸ್ಟ್ರೇಲಿಯಾದ ಮರಳು ದ್ವೀಪ ಪ್ರವಾಸದ ಶುಲ್ಕ ಮರುಪಾವತಿ

ಮಾನ್ಯರೇ,

ಓಣಂ ರಜೆಯಲ್ಲಿ ನಿಮ್ಮ ಸಂಸ್ಥೆಯ ಆಸ್ಟ್ರೇಲಿಯಾ ಪ್ರವಾಸಕ್ಕೆ ಕುಂಬಳೆಯಿಂದ ಬಂದಿದ್ದ ನಾಲ್ವರು ನಾವು: ನಾನು, ನನ್ನ ಹೆಂಡತಿ, ಮಗಳು ಮತ್ತು ಎಂಟು ವರ್ಷದ ಮೊಮ್ಮಗಳು. ಬ್ರಿಸ್ಬೇನಿನ ತನಕ ದೂರುವಂಥದ್ದೇನೂ ಇರಲಿಲ್ಲ. ನನ್ನ ತಕರಾರು ಒಂದೇ ದಿನದ್ದು. ಆದರೆ ಆ ಒಂದು ದಿನವನ್ನು ನೆಚ್ಚಿಕೊಂಡೇ ನಾವು ಹಣ ಕಟ್ಟಿದ್ದು.

ನಿಮ್ಮ ಕರಪತ್ರ ಕನ್ನಡದಲ್ಲಿತ್ತು. ಒಂದು ಅರ್ಜಿ ನಮೂನೆ ಕನ್ನಡದಲ್ಲಿ ಸಿಗಬೇಕಾದರೂ ಕಚೇರಿಗೆ ನಾಲ್ಕು ಸಲ ಅಲೆಯುವ ನಮಗೆ ಅದನ್ನು ಕಂಡೇ ಅರ್ಧ ನಂಬಿಕೆ ಹುಟ್ಟಿತ್ತು. ‘ಜಗತ್ತಿನ ಅತಿ ದೊಡ್ಡ ಮರಳು ದ್ವೀಪ ಫ್ರೇಸರ್‌ನಲ್ಲಿ ಸಾಹಸದ ಒಂದು ದಿನ’ ಎಂದು ಅಚ್ಚಾಗಿತ್ತು. ಆ ಹೆಸರು 2023ರಲ್ಲೇ ಅಧಿಕೃತವಾಗಿ ಬದಲಾಗಿ, ಅಲ್ಲಿನ ಮೂಲನಿವಾಸಿಗಳಾದ ಬುಚುಲ್ಲ ಜನರ ಮಾತಿನ ‘K’gari’ ಎಂಬ ಹೆಸರು ಮರಳಿ ಬಂದಿದೆ. ಉಚ್ಚಾರ ಹೆಚ್ಚುಕಡಿಮೆ ನಮ್ಮ ‘ಗರಿ’ಯಂತೆಯೇ. ಕುಂಬಳೆ ಬೋರ್ಡಿನಲ್ಲಿ ‘ಕುಂಬಳ’ವಾದಾಗ ಏನನಿಸುತ್ತದೆಂದು ಬಲ್ಲವನಾದ್ದರಿಂದ ಇದನ್ನು ಹೇಳಿದೆ, ಅಷ್ಟೆ. ಇದಕ್ಕಾಗಿ ಹಣ ಕೇಳುತ್ತಿಲ್ಲ.

ಹಣ ಕೇಳುತ್ತಿರುವುದು ವ್ಯಾನಿಗಾಗಿ. ರಿವರ್ ಹೆಡ್ಸ್ ಜೆಟ್ಟಿಯಲ್ಲಿ ವಾಹನಗಳನ್ನು ದ್ವೀಪಕ್ಕೆ ಸಾಗಿಸುವ ಬಾರ್ಜ್ ಸಿದ್ಧವಾಗಿತ್ತು. ಅಲ್ಲಿನ ಸಿಬ್ಬಂದಿ ನೀವು ಗೊತ್ತು ಮಾಡಿದ್ದ ಹನ್ನೆರಡು ಸೀಟಿನ ವ್ಯಾನಿನ ಬಳಿ ಬಂದು, ಬಗ್ಗಿ ಚಕ್ರ ನೋಡಿ, ಏನೂ ಮಾತಾಡದೆ ತಲೆಯಾಡಿಸಿದರು. ದ್ವೀಪದೊಳಗಿನ ದಾರಿಗಳು ಸಡಿಲ ಮರಳಿನವು. ಫೋರ್ ವೀಲ್ ಡ್ರೈವ್ ಅಲ್ಲದ ವಾಹನಕ್ಕೆ ಅಲ್ಲಿ ಕೆಲಸವಿಲ್ಲ. ಜತೆಗೆ ಸರಕಾರದ ಪರವಾನಗಿಯೂ ಬೇಕು, ಅದೂ ಇರಲಿಲ್ಲ. ‘ಡಾಮರು ರಸ್ತೆಗೆ ಮಾತ್ರ’ ಎಂಬ ಚೀಟಿ ಆ ವ್ಯಾನಿನ ಮುಂಗಾಜಿನ ಒಳಬದಿಯಲ್ಲೇ ಅಂಟಿತ್ತು. ಚಾಲಕ ಅದನ್ನು ನಮಗೆ ತೋರಿಸಿದ್ದು ಬಾರ್ಜ್ ಹೊರಟ ಮೇಲೆ.

ವಾಹನ ಸರಿಯಿದ್ದರೂ ಆ ದಿನ ಕೆಡುತ್ತಿತ್ತು. ದ್ವೀಪದ ‘ಎಪ್ಪತ್ತೈದು ಮೈಲಿ’ ಎಂಬ ಹೆಸರಿನ ಕಡಲತೀರದ ಸವಾರಿಯನ್ನು ನೀವು ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಇಟ್ಟಿದ್ದಿರಿ. ಅಂದು ಉಬ್ಬರ ಒಂದು ಗಂಟೆ ದಾಟಿದ ಹೊತ್ತಿಗಿತ್ತು. ಆ ತೀರ ಗಂಟೆಗೆ 80 ಕಿ.ಮೀ. ವೇಗಮಿತಿಯಿರುವ ಹೆದ್ದಾರಿಯೇ ನಿಜ, ಆದರೆ ಇಳಿತದಲ್ಲಿ ಮಾತ್ರ. ಉಬ್ಬರಕ್ಕೆ ಎರಡು ಗಂಟೆ ಮೊದಲು, ಎರಡು ಗಂಟೆ ಅನಂತರ ಅಲ್ಲಿ ವಾಹನ ಇಳಿಸಬಾರದೆಂಬುದು ಅಲ್ಲಿನವರ ಎಚ್ಚರಿಕೆ. ಉಬ್ಬರ–ಇಳಿತದ ಪಟ್ಟಿ ತಿಂಗಳುಗಟ್ಟಲೆ ಮೊದಲೇ ಸಿಗುತ್ತದೆ. ಮೊಗ್ರಾಲ್ ಅಳಿವೆಯಲ್ಲಿ ದೋಣಿ ಇಳಿಸುವವರು ಯಾವ ಕಾಗದವನ್ನೂ ನೋಡದೆ ನೀರಿನ ಹೊತ್ತು ಹೇಳುತ್ತಾರೆ. ಕಂಪ್ಯೂಟರ್ ಮುಂದೆ ಕುಳಿತ ನಿಮಗೆ ಅದು ತೋಚಲಿಲ್ಲ.

ಕೊನೆಗೆ ಕಾಲ್ನಡೆಯ ಟಿಕೆಟ್ ಪಡೆದು ಮುಂದಿನ ದೋಣಿಯಲ್ಲಿ ದ್ವೀಪದ ಪಡುವಣ ದಂಡೆಗೆ ಹೋದೆವು. ತೋರಿಸುತ್ತೇವೆಂದ ಮಹೇನೊ ಹಡಗು, 1935ರಿಂದ ತುಕ್ಕು ಹಿಡಿಯುತ್ತ ಬಿದ್ದಿರುವುದು, ಮೂಡಣ ದಂಡೆಯಲ್ಲಿದೆ. ಮಳೆನೀರಷ್ಟೇ ನಿಂತು, ತಳದಲ್ಲಿ ಬಿಳಿಯ ಸಿಲಿಕಾ ಮರಳಿರುವ ಮೆಕೆಂಝಿ ಸರೋವರ ಕಾಡಿನ ಒಳಗೆ. ಮೊಮ್ಮಗಳು ಬೆಳಗ್ಗೆಯೇ ಅಂಗಿಯೊಳಗೆ ಈಜುಡುಗೆ ಹಾಕಿಕೊಂಡು ಹೊರಟಿದ್ದಳು. ರಾತ್ರಿ ಕೋಣೆಯಲ್ಲಿ ಅದನ್ನು ಕಳಚುವಾಗ ಒಂದು ಹನಿಯೂ ತಾಗಿರಲಿಲ್ಲ.

ಇನ್ನೊಂದು ವಿಷಯ ಹಣದ್ದಲ್ಲ, ಅದಕ್ಕಿಂತ ದೊಡ್ಡದು. ದಂಡೆಯಲ್ಲಿ ಅವಳು ಬಿಸ್ಕತ್ತು ತಿನ್ನುತ್ತಿದ್ದಾಗ ಹತ್ತು ಮಾರು ದೂರದಲ್ಲಿ ಒಂದು ಡಿಂಗೊ ಬಂದು ನಿಂತಿತು. ನಮ್ಮೂರ ಕಂದು ನಾಯಿಯಂತೆಯೇ ಇದ್ದುದರಿಂದ ಮಗು ಬಿಸ್ಕತ್ತು ಚಾಚಿದಳು. ನಿಮ್ಮ ಮಾರ್ಗದರ್ಶಕ ಮೊಬೈಲಿನಲ್ಲಿದ್ದ. ಅಲ್ಲಿದ್ದ ಅಪರಿಚಿತ ಮಹಿಳೆಯೊಬ್ಬರು ಕೂಗಿ ಹೇಳಿದಂತೆ ನೆಟ್ಟಗೆ ನಿಂತು, ಕೈಕಟ್ಟಿ, ಅದರತ್ತ ಮುಖ ಮಾಡಿಕೊಂಡೇ ಹಿಂದೆ ಸರಿದೆವು. ಅವು ಕಾಡುಪ್ರಾಣಿಗಳು, ಮಕ್ಕಳ ಮೇಲೆರಗಿದ್ದಿದೆ, ತಿಂಡಿ ಕೊಟ್ಟರೆ ದಂಡವೂ ಇದೆ ಎಂಬುದೆಲ್ಲ ನಮಗೆ ತಿಳಿದದ್ದು ಅನಂತರ. ಹೊರಡುವ ಮೊದಲು ನೀವು ನಡೆಸಿದ ಮಾಹಿತಿ ಸಭೆಯಲ್ಲಿ ಚಹಾ ಚೆನ್ನಾಗಿತ್ತು. ಡಿಂಗೊ ಎಂಬ ಶಬ್ದ ಬರಲಿಲ್ಲ.

ಊರಿಗೆ ಬಂದು ಫೋನ್ ಮಾಡಿದಾಗ ನಿಮ್ಮ ಸಿಬ್ಬಂದಿ, “ಸಮುದ್ರ ನೋಡಿದಿರಲ್ಲ, ಮರಳೂ ನೋಡಿದಿರಲ್ಲ ಸರ್” ಎಂದರು. ಅವೆರಡನ್ನು ನೋಡಲು ನನ್ನ ಮನೆಯಿಂದ ಹತ್ತು ನಿಮಿಷ ಪಡುವಣಕ್ಕೆ ನಡೆದರೆ ಸಾಕು.

ದ್ವೀಪದ ದಿನಕ್ಕೆಂದು ಪ್ರತ್ಯೇಕವಾಗಿ ಪಡೆದ ತಲಾ ₹19,500, ನಾಲ್ವರದ್ದು ಒಟ್ಟು ₹78,000, ಮತ್ತು ನಾವೇ ಕೊಂಡ ದೋಣಿ ಟಿಕೆಟಿನ ಹಣವನ್ನು ಪತ್ರ ತಲಪಿದ ಹದಿನೈದು ದಿನಗಳೊಳಗೆ ಹಿಂದಿರುಗಿಸಬೇಕು. ರಶೀದಿ, ಕರಪತ್ರ, ವ್ಯಾನಿನ ಚೀಟಿಯ ಫೋಟೋ ಲಗತ್ತಿಸಿದ್ದೇನೆ. ಮಾರ್ಗದರ್ಶಕನ ಬಗ್ಗೆ ಏನು ಕ್ರಮ ಕೈಗೊಂಡಿರೆಂದು ಬರಹದಲ್ಲೇ ತಿಳಿಸಿ. ತಪ್ಪಿದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ. ನಿಮ್ಮ ಮುಖ್ಯ ಕಚೇರಿ ಎಲ್ಲೇ ಇರಲಿ, ದೂರುದಾರ ತಾನಿರುವ ಊರಿನ ಆಯೋಗದಲ್ಲೇ ದೂರು ಕೊಡಬಹುದು.

ಉತ್ತರ ಕನ್ನಡದಲ್ಲೇ ಬರಲಿ. ಕರಪತ್ರ ಬರೆದವರು ನಿಮ್ಮಲ್ಲಿ ಇನ್ನೂ ಇರಬೇಕಲ್ಲವೇ?

ಇಂತು,
ನಿವೃತ್ತ ಅಧ್ಯಾಪಕ, ಕುಂಬಳೆ